ಊರೂರು ತಿರುಗುವ ಹಾರ್ಡ್ ಡಿಸ್ಕಿಗೆ ಯಾವ ಫಾರ್ಮ್ಯಾಟ್?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಡಬ್ಬಿಯಿಂದ ಹೊರಬರುವಾಗಲೇ ಯಾವುದೋ ಒಂದು ಫಾರ್ಮ್ಯಾಟ್ ಪಡೆದುಕೊಂಡು ಬಂದಿರುತ್ತದೆ. ಪೇಟೆಯಲ್ಲಿ ಸಿಗುವ ಬಹಳಷ್ಟು ಡಿಸ್ಕುಗಳಲ್ಲಿ ಅದು ಎನ್‌ಟಿಎಫ್‌ಎಸ್, ಇಲ್ಲವೇ ಎಕ್ಸ್‌ಫ್ಯಾಟ್. ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದರೆ ಎರಡೂ ಒಂದೇ ರೀತಿ ನಡೆಯುವುದರಿಂದ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಡಿಸ್ಕ್ ಊರು ಬಿಟ್ಟು ಹೊರಟಾಗ ಬರುತ್ತದೆ. ಹುನಗುಂದದ ಸ್ಟುಡಿಯೋದವರು ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್ ಡಿಸ್ಕಿಗೆ ತುಂಬಿಸಿದ ಲಗ್ನದ ವಿಡಿಯೋ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮ್ಯಾಕ್ ಇಟ್ಟುಕೊಂಡ ಎಡಿಟರ್ ಕೈ ಸೇರುತ್ತದೆ. ಮ್ಯಾಕ್ ಆ ಫೈಲುಗಳನ್ನು ತೋರಿಸುತ್ತದೆ, ತೆರೆಯುತ್ತದೆ. ಎಡಿಟ್ ಆದದ್ದನ್ನು ಅದೇ ಡಿಸ್ಕಿಗೆ ವಾಪಸ್ ಹಾಕಲು ಹೋದರೆ ಮಾತ್ರ ಬಿಡುವುದಿಲ್ಲ. ಇಳಕಲ್ ಸೀರೆ ವ್ಯಾಪಾರಿಯ ಮನೆಯ ಟಿವಿ ಒಂದು ಡಿಸ್ಕನ್ನು ಗುರುತಿಸುತ್ತದೆ, ಪಕ್ಕದ ಮನೆಯ ಟಿವಿ ಅದನ್ನೇ ಗುರುತಿಸುವುದಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮುನ್ನ ಅದರ ಫಾರ್ಮ್ಯಾಟ್ ಯಾವುದೆಂದು ನೋಡಿದರೆ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಗೇ ಬಗೆಹರಿಯುತ್ತವೆ.

ಡಿಸ್ಕಿನೊಳಗೆ ಇರುವುದು ಕೋಟ್ಯಂತರ ಸಣ್ಣ ಕೋಣೆಗಳು. ಯಾವ ಫೈಲು ಯಾವ ಕೋಣೆಯಿಂದ ಶುರುವಾಗಿ ಎಲ್ಲೆಲ್ಲಿ ಹರಡಿದೆ, ಯಾವ ಕೋಣೆ ಖಾಲಿ ಇದೆ ಎಂಬ ದಾಖಲೆಯನ್ನು ಇಡುವ ಪದ್ಧತಿಯೇ ಫೈಲ್ ಸಿಸ್ಟಮ್. ಹೊಲಕ್ಕೆ ಉತಾರ ಇದ್ದಂತೆ ಡಿಸ್ಕಿಗೆ ಫೈಲ್ ಸಿಸ್ಟಮ್: ಉತಾರ ಹರಿದು ಹೊಸದು ಬರೆದರೆ ನೆಲ ಎಲ್ಲಿಗೂ ಹೋಗುವುದಿಲ್ಲ, ಆದರೆ ಯಾರ ತುಂಡು ಎಲ್ಲಿದೆ ಎಂದು ಹೇಳುವವರು ಇರುವುದಿಲ್ಲ. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ದಾಖಲೆ ತೆಗೆದು ಹೊಸ ಪದ್ಧತಿಯಲ್ಲಿ ಖಾಲಿ ದಾಖಲೆ ಬರೆಯುವುದು. ಪ್ರತಿ ಆಪರೇಟಿಂಗ್ ಸಿಸ್ಟಮ್ ತನ್ನದೇ ಪದ್ಧತಿಯನ್ನು ಬೆಳೆಸಿಕೊಂಡದ್ದರಿಂದ ಒಬ್ಬರ ದಾಖಲೆ ಇನ್ನೊಬ್ಬರಿಗೆ ಓದಲು ಬಾರದಂತಾಗಿದೆ.

ಇವುಗಳಲ್ಲಿ ಹಿರಿಯದು ಫ್ಯಾಟ್. ಅದರ ಬೇರು 1977ರ ಮೈಕ್ರೋಸಾಫ್ಟ್ ಡಿಸ್ಕ್ ಬೇಸಿಕ್‌ನಲ್ಲಿದೆ. ಇಂದಿಗೂ ಉಳಿದಿರುವ ಫ್ಯಾಟ್32 ರೂಪ 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ ಬಂತು. ವಿಂಡೋಸ್, ಮ್ಯಾಕ್, ಲಿನಕ್ಸ್, ಟಿವಿ, ಕಾರಿನ ಮ್ಯೂಸಿಕ್ ಸಿಸ್ಟಮ್, ಕಂಪ್ಯೂಟರ್ ಕಸೂತಿ ಯಂತ್ರ, ಹೀಗೆ ಯುಎಸ್‌ಬಿ ತೂತು ಇರುವ ಬಹುತೇಕ ಎಲ್ಲವೂ ಅದನ್ನು ಓದುತ್ತವೆ. ಹಳೆಯ ಕಸೂತಿ ಯಂತ್ರಗಳಲ್ಲಿ ಹಲವು ಫ್ಯಾಟ್ ಬಿಟ್ಟು ಬೇರೆಯದನ್ನು ಒಪ್ಪುವುದೇ ಇಲ್ಲ. ಆದರೆ ಒಂದು ಫೈಲು 4 ಜಿಬಿ ದಾಟಬಾರದು ಎಂಬುದು ಅದರ ಕಟ್ಟುನಿಟ್ಟು. ಲೆಕ್ಕವಾಗಿ ಹೇಳುವುದಾದರೆ 4,29,49,67,295 ಬೈಟುಗಳಾದ ಮೇಲೆ ಒಂದು ಬೈಟೂ ಸೇರುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೋ ತೆಗೆಯುವ ಕ್ಯಾಮೆರಾ ಆರು ನಿಮಿಷ ತುಂಬುವ ಮೊದಲೇ ಈ ಮಿತಿ ಮುಟ್ಟುತ್ತದೆ. ಅಕ್ಷತೆ ಬೀಳುವ ಹೊತ್ತಿನ ವಿಡಿಯೋ ತುಂಡು ತುಂಡಾಗಿ ಸಿಗುವುದಕ್ಕೆ, ಇಡೀ ಲಗ್ನದ ಎಡಿಟ್ ಆದ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಲು ಹೋದಾಗ ಜಾಗ ಧಾರಾಳವಾಗಿದ್ದರೂ ‘ಫೈಲ್ ತೀರಾ ದೊಡ್ಡದು’ ಎಂಬ ಸಂದೇಶ ಬರುವುದಕ್ಕೆ ಕಾರಣ ಇದೇ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಬಹುಕಾಲ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ಕೊಡುತ್ತಿರಲಿಲ್ಲ. ಇಂದಿನ ಹಾರ್ಡ್ ಡಿಸ್ಕಿಗೆ ಇದು ತಕ್ಕದ್ದಲ್ಲ. ಹಳೆಯ ಯಂತ್ರಕ್ಕೆ ವಿನ್ಯಾಸ ಒಯ್ಯುವ ಸಣ್ಣ ಪೆನ್‌ಡ್ರೈವಿಗೆ ಇರಲಿ.

ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಹುಟ್ಟಿತು. ಅದರ ಮುಖ್ಯ ಗುಣ ಜರ್ನಲ್. ದಾಖಲೆಯಲ್ಲಿ ಏನನ್ನಾದರೂ ಬದಲಿಸುವ ಮುನ್ನ ‘ಹೀಗೆ ಮಾಡಲು ಹೊರಟಿದ್ದೇನೆ’ ಎಂದು ಅದು ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ಬಂದಾಗ ಆ ಟಿಪ್ಪಣಿ ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರೈಸುತ್ತದೆ ಅಥವಾ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ವಿಂಡೋಸ್ ಮಟ್ಟಿಗೆ ಇದಕ್ಕಿಂತ ಭದ್ರವಾದದ್ದು ಬೇಕಿಲ್ಲ. ಲಿನಕ್ಸ್ ಕೂಡ ಇದನ್ನು ಓದಿ ಬರೆಯುತ್ತದೆ, 2021ರ 5.15 ಆವೃತ್ತಿಯಿಂದ ಅದಕ್ಕೆ ಬೇಕಾದ ಹೊಸ ಚಾಲಕ ಲಿನಕ್ಸ್ ಕರ್ನೆಲ್ಲಿನೊಳಗೇ ಸೇರಿದೆ. ಮ್ಯಾಕ್ ಮಾತ್ರ ಓದುವುದಕ್ಕೆ ನಿಲ್ಲುತ್ತದೆ. ಬರೆಯಬೇಕಾದರೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು, ಅವುಗಳಲ್ಲಿ ಭರವಸೆಯವು ಹೆಚ್ಚಾಗಿ ದುಡ್ಡು ಕೊಟ್ಟೇ ಕೊಳ್ಳಬೇಕಾದವು. ಬೇರೊಬ್ಬರ ಮ್ಯಾಕ್‌ಗೆ ಡಿಸ್ಕ್ ಕಳಿಸುವವರು ಆ ಸಾಫ್ಟ್‌ವೇರ್ ಅಲ್ಲಿ ಇರುತ್ತದೆಂದು ನಂಬಿ ಕೂರಬಾರದು.

ಮ್ಯಾಕ್‌ನ ಸ್ವಂತ ಪದ್ಧತಿಗಳು ಎರಡು. ಎಚ್‌ಎಫ್‌ಎಸ್ ಪ್ಲಸ್ 1998ರದು. ‘ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್’ ಎಂದು ಪಟ್ಟಿಯಲ್ಲಿ ಕಾಣುವುದು ಅದೇ. ಎಪಿಎಫ್‌ಎಸ್ 2017ರ ಹೈ ಸಿಯೆರಾ ಆವೃತ್ತಿಯಿಂದ ಮ್ಯಾಕ್‌ಗಳಲ್ಲಿ ಮುಖ್ಯವಾಯಿತು. ಎಪಿಎಫ್‌ಎಸ್ ಅನ್ನು ಎಸ್‌ಎಸ್‌ಡಿಗಾಗಿಯೇ ರೂಪಿಸಲಾಗಿದೆ. ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ದಿನ ಕಳೆದಂತೆ ಅದು ನಿಧಾನವಾಗುತ್ತದೆ. ವಿಂಡೋಸ್ ತಾನಾಗಿ ಈ ಎರಡನ್ನೂ ಓದುವುದಿಲ್ಲ. ಲಿನಕ್ಸ್ ಲೋಕದ ರೂಢಿ 2008ರಲ್ಲಿ ಬಂದ ಇಎಕ್ಸ್‌ಟಿ4. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಲಿನಕ್ಸ್ ಅಪರೂಪದ ವಸ್ತುವಲ್ಲ. ಕೇರಳ ಸರ್ಕಾರದ ಕೈಟ್ ಸಂಸ್ಥೆ, ಅದಕ್ಕೂ ಮೊದಲು ಐಟಿ@ಸ್ಕೂಲ್ ಯೋಜನೆ, ಶಾಲೆಗಳಿಗೆ ಕೊಟ್ಟಿರುವುದು ಲಿನಕ್ಸ್ ಕಂಪ್ಯೂಟರುಗಳನ್ನೇ. ಅಲ್ಲಿನ ಕನ್ನಡದ ಮಕ್ಕಳು ಮೌಸ್ ಹಿಡಿದದ್ದೇ ಲಿನಕ್ಸ್‌ನಲ್ಲಿ. ಅಲ್ಲಿ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಬಾಗಲಕೋಟೆಯ ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದರೆ ಫೈಲುಗಳ ಬದಲು ಫಾರ್ಮ್ಯಾಟ್ ಮಾಡಿ ಎಂಬ ಸೂಚನೆ ಬರುತ್ತದೆ. ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಚ್ಚಿದರೂ ಕೆಲವೊಮ್ಮೆ ತಕರಾರು ಏಳುತ್ತದೆ: ಇಎಕ್ಸ್‌ಟಿ4 ಪ್ರತಿ ಫೈಲಿನ ಒಡೆಯ ಯಾರೆಂದು ಬರೆದಿಟ್ಟಿರುತ್ತದೆ, ಹೊಸ ಕಂಪ್ಯೂಟರಿನ ಬಳಕೆದಾರರ ಸಂಖ್ಯೆ ಅದಕ್ಕೆ ಹೊಂದದಿದ್ದರೆ ಬರೆಯಲು ಅನುಮತಿ ಇಲ್ಲ ಎನ್ನುತ್ತದೆ.

ಮೂವರಿಗೂ ಸಲ್ಲುವಂಥದ್ದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಇದನ್ನು 2006ರಲ್ಲಿ ಹೊರತಂದದ್ದು ಫ್ಯಾಟ್32ರ 4 ಜಿಬಿ ಗೋಡೆ ಒಡೆಯುವುದಕ್ಕೆ. 2008ರಲ್ಲಿ ವಿಂಡೋಸ್ ವಿಸ್ಟಾದ ಮೊದಲ ಸರ್ವಿಸ್ ಪ್ಯಾಕ್ ಮೂಲಕ ಮನೆಯ ಕಂಪ್ಯೂಟರುಗಳಿಗೆ ಬಂತು. 2009ರಲ್ಲಿ 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಮೆಮೊರಿ ಕಾರ್ಡುಗಳಿಗೆ ಅದೇ ನಿಯಮವಾಯಿತು. 2010ರಲ್ಲಿ ಮ್ಯಾಕ್ ಒಪ್ಪಿತು. ಲಿನಕ್ಸ್ ಮಾತ್ರ ಬಹಳ ಕಾಲ ಹೊರಗೇ ಉಳಿದಿತ್ತು, ಏಕೆಂದರೆ ಎಕ್ಸ್‌ಫ್ಯಾಟ್ ಮೇಲೆ ಪೇಟೆಂಟ್ ಇತ್ತು. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿ ಲಿನಕ್ಸ್‌ಗೆ ಸೇರಿಸಲು ಸಮ್ಮತಿಸಿತು, 2020ರ 5.7 ಆವೃತ್ತಿಯಲ್ಲಿ ಸ್ಯಾಮ್‌ಸಂಗ್ ಬರೆದ ಚಾಲಕ ಒಳಸೇರಿತು. ಆ ವರ್ಷದಿಂದೀಚಿನ ಲಿನಕ್ಸ್‌ನಲ್ಲಿ ಎಕ್ಸ್‌ಫ್ಯಾಟ್ ಡಿಸ್ಕ್ ಹಚ್ಚಿದೊಡನೆ ತೆರೆಯುತ್ತದೆ. ಹತ್ತು ವರ್ಷ ಹಿಂದಿನ ಪುಸ್ತಕ ಓದಿ ‘ಲಿನಕ್ಸ್‌ಗೆ ಎಕ್ಸ್‌ಫ್ಯಾಟ್ ಆಗದು’ ಎಂದು ಹೇಳುವವರು ಇನ್ನೂ ಇದ್ದಾರೆ. ಆ ಮಾತು ಹಳತಾಯಿತು.

ಇಷ್ಟಾದರೂ ಎಲ್ಲ ಡಿಸ್ಕಿಗೂ ಕಣ್ಣು ಮುಚ್ಚಿ ಎಕ್ಸ್‌ಫ್ಯಾಟ್ ಮಾಡುವುದು ಸರಿಯಲ್ಲ. ಅದರಲ್ಲಿ ಜರ್ನಲ್ ಇಲ್ಲ. ಪೋರ್ಟಬಲ್ ಡಿಸ್ಕಿಗೆ ಬೇರೆ ಪ್ಲಗ್ ಇರುವುದಿಲ್ಲ. ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಅದು ಕರೆಂಟ್ ಪಡೆಯುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಬ್ಯಾಟರಿ ಸತ್ತ ಯುಪಿಎಸ್ ಇದ್ದರಂತೂ ಕೇಳುವುದೇ ಬೇಡ, ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ ಡಿಸ್ಕ್ ಕೂಡ ಅದೇ ಕ್ಷಣಕ್ಕೆ ನಿಂತುಬಿಡುತ್ತದೆ. ಎನ್‌ಟಿಎಫ್‌ಎಸ್ ಅಥವಾ ಇಎಕ್ಸ್‌ಟಿ4 ಇಂಥ ಪೆಟ್ಟಿನಿಂದ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್‌ನಲ್ಲಿ ದಾಖಲೆಯೇ ಅರ್ಧಕ್ಕೆ ನಿಂತು, ಕಾಪಿ ಆಗುತ್ತಿದ್ದ ಫೈಲಷ್ಟೇ ಅಲ್ಲ, ಅದೇ ಫೋಲ್ಡರಿನ ಬೇರೆ ಫೈಲುಗಳೂ ಕಾಣದಂತಾಗಬಹುದು. ಮಳೆಗಾಲದ ಸಂಜೆ ಗುಡುಗು ಕೇಳಿಸುವಾಗ ಇನ್ನೂರು ಜಿಬಿ ಕಾಪಿಗೆ ಹಚ್ಚುವುದಿದ್ದರೆ ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲೇ ಆ ಕೆಲಸ ಮಾಡುವುದು ಒಳ್ಳೆಯದು.

ಹೀಗೆ ಥಟ್ಟನೆ ನಿಂತ ಇಲ್ಲವೇ ನಡುವೆ ಕಿತ್ತ ಎಕ್ಸ್‌ಫ್ಯಾಟ್ ಡಿಸ್ಕನ್ನು ಮ್ಯಾಕ್‌ಗೆ ಹಚ್ಚಿದಾಗ ಕೆಲವೊಮ್ಮೆ ಎಷ್ಟು ಹೊತ್ತಾದರೂ ಪರದೆಯ ಮೇಲೆ ಏನೂ ಬರುವುದಿಲ್ಲ. ಡಿಸ್ಕ್ ಸತ್ತಿತೆಂದು ಜನ ಕಿತ್ತು ಮತ್ತೆ ಹಚ್ಚುತ್ತಾರೆ, ಮತ್ತೆ ಕೀಳುತ್ತಾರೆ. ಅಸಲಿಗೆ ಮ್ಯಾಕ್ ಹಿಂದಿನಿಂದ ಡಿಸ್ಕಿನ ತಪಾಸಣೆ ನಡೆಸುತ್ತಿರುತ್ತದೆ. ದೊಡ್ಡ ಡಿಸ್ಕಾದರೆ ಅದಕ್ಕೆ ಬಹಳ ಹೊತ್ತು ಬೇಕು. ಕೈ ಹಚ್ಚದೆ ಬಿಡುವುದೇ ಅದಕ್ಕೆ ಮದ್ದು.

ಎಕ್ಸ್‌ಫ್ಯಾಟ್‌ನ ಎರಡನೆಯ ಕೊರತೆ ಜಾಗದ್ದು. ವಿಂಡೋಸ್‌ನಲ್ಲಿ 32 ಜಿಬಿಗಿಂತ ದೊಡ್ಡ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾಡಿದಾಗ, ಬೇರೆ ಹೇಳದಿದ್ದರೆ, ಒಂದೊಂದು ಕೋಣೆಯ ಅಳತೆ 128 ಕೆಬಿ ಆಗುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಅದು ಸಾಮಾನ್ಯವಾಗಿ 4 ಕೆಬಿ. ಒಂದು ಕೋಣೆಯಲ್ಲಿ ಒಂದೇ ಫೈಲು ಇರಬಹುದು. ವಿಡಿಯೋದವರಿಗೆ ಇದರಿಂದ ನಷ್ಟವಿಲ್ಲ, ಅವರ ಫೈಲುಗಳೇ ದೊಡ್ಡವು. ಸೀರೆಯ ಚಿಕ್ಕಿ, ಗೋಮಿ, ಗಾಡಿದಡಿ ಎಂದು ದಡಿಗೊಂದು ವಿನ್ಯಾಸದ ಸಣ್ಣ ಸಣ್ಣ ಫೈಲುಗಳನ್ನು ಇಟ್ಟುಕೊಳ್ಳುವವರ ಲೆಕ್ಕ ಬೇರೆ. ತಲಾ 10 ಕೆಬಿಯ ಹತ್ತು ಸಾವಿರ ಫೈಲುಗಳೆಂದರೆ ನಿಜವಾದ ತೂಕ ನೂರು ಎಂಬಿ; ಡಿಸ್ಕಿನಲ್ಲಿ ಅವು ಹಿಡಿಯುವ ಜಾಗ ಸುಮಾರು ಒಂದೂಕಾಲು ಜಿಬಿ. ಫಾರ್ಮ್ಯಾಟ್ ಕಿಟಕಿಯಲ್ಲಿ ‘ಅಲೊಕೇಶನ್ ಯೂನಿಟ್ ಸೈಜ್’ ಎಂಬ ಸಾಲಿನಲ್ಲಿ ಕೋಣೆಯ ಅಳತೆ ಕಡಿಮೆ ಮಾಡಿಕೊಳ್ಳಬಹುದು. ಅದನ್ನು ಡಿಸ್ಕ್ ಖಾಲಿ ಇರುವಾಗಲೇ ಮಾಡಬೇಕು, ತುಂಬಿದ ಮೇಲೆ ಬದಲಿಸಬೇಕೆಂದರೆ ಮತ್ತೆ ಫಾರ್ಮ್ಯಾಟ್ ಆಗಬೇಕು.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರಿಗೆ ಈ ವಿಷಯದಲ್ಲಿ ಇನ್ನೂ ತಿಳಿಯಬೇಕಾದದ್ದಿದೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಅದು ಸಿಗುವುದಿಲ್ಲ. ಕನ್ನಡದ ಒಂದು ಅಕ್ಷರ ಕಣ್ಣಿಗೆ ಒಂದೇ ಆಗಿ ಕಂಡರೂ ಕಂಪ್ಯೂಟರ್ ಅದರ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಹುನಗುಂದ’ ಎಂಬ ನಾಲ್ಕಕ್ಷರದ ಹೆಸರು ಯೂನಿಕೋಡ್ ಲೆಕ್ಕದಲ್ಲಿ ಏಳು. ಎಕ್ಸ್‌ಫ್ಯಾಟ್ ಡಿಸ್ಕಿನ ಹೆಸರಿಗೆ ಇರುವ ಮಿತಿ ಹನ್ನೊಂದು. ಹಾಗಾಗಿ ಡಿಸ್ಕಿಗೆ ‘ಹುನಗುಂದ’ ಎಂದು ಹೆಸರಿಡಬಹುದು, ‘ಹುನಗುಂದ ಲಗ್ನ’ ಎಂದು ಇಡಲಾಗದು, ಅದು ಹನ್ನೆರಡಾಗುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 32 ಇರುವುದರಿಂದ ಎರಡೂ ನಡೆಯುತ್ತವೆ. ಇಎಕ್ಸ್‌ಟಿ4 ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಕನ್ನಡದ ಪ್ರತಿ ಚಿಹ್ನೆಗೂ ಅಲ್ಲಿ ಮೂರು ಬೈಟು ಬೇಕು, ಡಿಸ್ಕಿನ ಹೆಸರಿಗೆ ಸಿಗುವುದು ಹದಿನಾರೇ ಬೈಟು. ‘ಇಳಕಲ್’ ಹದಿನೈದರಲ್ಲಿ ಮುಗಿಯುತ್ತದೆ. ‘ಬಾದಾಮಿ’ಗೆ ಹದಿನೆಂಟು ಬೇಕಾದ್ದರಿಂದ ಹಿಡಿಸುವುದಿಲ್ಲ.

ಡಿಸ್ಕಿನ ಹೆಸರಿಗಿಂತ ಫೈಲಿನ ಹೆಸರಿನಲ್ಲಿ ಈ ಮಿತಿ ಹೆಚ್ಚು ಕಾಡುತ್ತದೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎರಡರಲ್ಲೂ ಒಂದು ಫೈಲಿನ ಹೆಸರು 255 ಚಿಹ್ನೆಗಳವರೆಗೆ ಹೋಗಬಹುದು. ಇಎಕ್ಸ್‌ಟಿ4ನಲ್ಲಿ ಮಿತಿ 255 ಬೈಟು. ಇಂಗ್ಲಿಷಿನವರಿಗೆ ಅದು 255 ಅಕ್ಷರ, ಕನ್ನಡದವರಿಗೆ 85 ಚಿಹ್ನೆ. ವಿಂಡೋಸ್‌ನಲ್ಲಿ ‘ಕೂಡಲಸಂಗಮದ ಸಂಗಮನಾಥ ದೇವಸ್ಥಾನದ ಜಾತ್ರೆಯ ದಿನ ನದಿ ದಂಡೆಯಿಂದ ತೆಗೆದದ್ದು’ ಎಂಬಂಥ ಹೆಸರಿಟ್ಟು, ಅದಕ್ಕೆ ಇನ್ನಷ್ಟು ಮಾತು ಸೇರಿಸಿ, ಲಿನಕ್ಸ್ ಡಿಸ್ಕಿಗೆ ಕಾಪಿ ಮಾಡಲು ಹೊರಟರೆ ಹೆಸರು ಬಹಳ ಉದ್ದವಾಯಿತು ಎಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗೆಂದು ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಹೆಸರಿಡಬೇಕಾಗಿಲ್ಲ. ಫೈಲಿನ ಹೆಸರು ಚಿಕ್ಕದಾಗಿದ್ದು, ಊರು, ಸಂದರ್ಭ, ವರ್ಷಗಳನ್ನು ಫೋಲ್ಡರುಗಳಲ್ಲಿ ಹಂಚಿದರೆ ಸಾಕು. ದಿನಾಂಕವನ್ನು ಓರೆಗೆರೆ ಹಾಕಿ ಬರೆಯುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಓರೆಗೆರೆ, ಕೋಲನ್, ಪ್ರಶ್ನಾರ್ಥಕ, ನಕ್ಷತ್ರ ಚಿಹ್ನೆಗಳಿಗೆ ವಿಂಡೋಸ್‌ನ ಫೈಲ್ ಹೆಸರಿನಲ್ಲಿ ಎಡೆಯಿಲ್ಲ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಇವುಗಳಲ್ಲಿ ಕೆಲವು ನಡೆದುಬಿಡುವುದರಿಂದ ತಪ್ಪು ಗೊತ್ತಾಗುವುದು ಡಿಸ್ಕ್ ಇನ್ನೊಬ್ಬರ ಕೈ ಸೇರಿದ ಮೇಲೆ. ಚಿಕ್ಕ ಅಡ್ಡಗೆರೆ ಎಲ್ಲ ಕಡೆಯೂ ಸಲ್ಲುತ್ತದೆ.

ಇನ್ನೊಂದು ತೊಡಕು ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳದ್ದು. ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು, ಅಂದರೆ ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳನ್ನು, ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು. ಎಚ್‌ಎಫ್‌ಎಸ್ ಪ್ಲಸ್ ಯಾವಾಗಲೂ ಬಿಡಿಸಿಯೇ ಇಡುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಕೀಲಿಮಣೆ ಕೊಟ್ಟದ್ದನ್ನು ಹಾಗೆಯೇ ಇಡುತ್ತವೆ. ‘ಹುನಗುಂದ’, ‘ಬಾದಾಮಿ’, ‘ಇಳಕಲ್’ ಹೆಸರುಗಳಲ್ಲಿ ಈ ಐದು ಚಿಹ್ನೆಗಳು ಇಲ್ಲದ್ದರಿಂದ ಅವು ಎಲ್ಲಿ ಹೋದರೂ ಒಂದೇ. ‘ಬಾಗಲಕೋಟೆ’ಯ ಓಕಾರ ಮಾತ್ರ ಅಲ್ಲಿ ಮೂರು ಸಂಕೇತಗಳಾಗಿ ಒಡೆಯುತ್ತದೆ, ‘ಐಹೊಳೆ’ಯ ಒಕಾರ ಎರಡಾಗಿ. ಹಳೆಯ ಮ್ಯಾಕ್‌ನಲ್ಲಿ ಝಿಪ್ ಮಾಡಿದ ಫೋಲ್ಡರನ್ನು ಲಿನಕ್ಸ್‌ನಲ್ಲಿ ಬಿಡಿಸಿದಾಗ ‘ಐಹೊಳೆ’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕ ಕಾಣುವುದು, ‘ಬಾಗಲಕೋಟೆ’ ಎಂದು ಹುಡುಕಿದರೆ ಕಣ್ಣೆದುರಿನ ಫೈಲೇ ಸಿಗದಿರುವುದು ಇದರಿಂದ. ಡಿಸ್ಕ್ ಕೆಟ್ಟದ್ದಲ್ಲ, ಫೈಲು ಹಾಳಾದದ್ದೂ ಅಲ್ಲ. ಹೆಸರನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಸರಿಹೋಗುತ್ತದೆ. ಎಪಿಎಫ್‌ಎಸ್ ಹೆಸರನ್ನು ಕೊಟ್ಟಂತೆಯೇ ಇಡುತ್ತದೆ, ಹುಡುಕುವಾಗ ಎರಡು ರೂಪಗಳನ್ನೂ ಒಂದೆಂದೇ ತಿಳಿಯುತ್ತದೆ.

ಡಿಟಿಪಿ ಅಂಗಡಿಗಳಲ್ಲಿ ಕೇಳಿಬರುವ ದೂರೊಂದನ್ನು ಇಲ್ಲಿಯೇ ಬೇರ್ಪಡಿಸಬೇಕು. ಲಗ್ನಪತ್ರಿಕೆಯ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ, ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ ಎಂಬುದು ಆ ದೂರು. ನುಡಿ, ಬರಹ ತಂತ್ರಾಂಶಗಳ ಹಳೆಯ ಆನ್ಸಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೆ ಕಾಣುತ್ತದೆ. ಅದಕ್ಕೂ ಡಿಸ್ಕಿನ ಫಾರ್ಮ್ಯಾಟಿಗೂ ಸಂಬಂಧವಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಮನೆಯಲ್ಲಿ ಯಾವ ಕಂಪ್ಯೂಟರ್ ಇದೆ ಎಂಬುದಕ್ಕಿಂತ ಡಿಸ್ಕ್ ಯಾರ ಯಾರ ಕೈಗೆ ಹೋಗಲಿದೆ ಎಂಬುದನ್ನು ನೋಡಬೇಕು. ಸ್ಟುಡಿಯೋ, ಎಡಿಟರ್, ಗಿರಾಕಿ, ಟಿವಿ ಎಂದು ತಿರುಗುವ ಡಿಸ್ಕಿಗೆ ಎಕ್ಸ್‌ಫ್ಯಾಟ್. ಕಪಾಟಿನಲ್ಲಿ ಭದ್ರವಾಗಿ ಇರಬೇಕಾದ, ಒಂದೇ ಬಗೆಯ ಕಂಪ್ಯೂಟರಿಗೆ ಹಚ್ಚುವ ಡಿಸ್ಕಿಗೆ ಆ ಕಂಪ್ಯೂಟರಿನ ಸ್ವಂತ ಪದ್ಧತಿ: ವಿಂಡೋಸ್ ಆದರೆ ಎನ್‌ಟಿಎಫ್‌ಎಸ್, ಲಿನಕ್ಸ್ ಆದರೆ ಇಎಕ್ಸ್‌ಟಿ4, ಮ್ಯಾಕ್‌ನ ಎಸ್‌ಎಸ್‌ಡಿ ಆದರೆ ಎಪಿಎಫ್‌ಎಸ್. ತಿರುಗುವ ಡಿಸ್ಕೇ ಬೇರೆ, ಇಡುವ ಡಿಸ್ಕೇ ಬೇರೆ ಆಗಿರಬೇಕು. ಒಂದೇ ಡಿಸ್ಕನ್ನು ಎರಡು ಪಾಲು ಮಾಡಿ ಒಂದಕ್ಕೆ ಎಕ್ಸ್‌ಫ್ಯಾಟ್, ಇನ್ನೊಂದಕ್ಕೆ ಎನ್‌ಟಿಎಫ್‌ಎಸ್ ಮಾಡುವುದು ಸಾಧ್ಯವಿದೆ. ಆದರೆ ಡಿಸ್ಕ್ ಕೈತಪ್ಪಿ ಬಿದ್ದರೆ ಎರಡು ಪಾಲೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ಅದನ್ನು ಭದ್ರತೆ ಎಂದು ಎಣಿಸುವಂತಿಲ್ಲ. ಟಿವಿಯ ಮಟ್ಟಿಗೆ ಅದರ ಕೈಪಿಡಿ ನೋಡುವುದೇ ದಾರಿ, ಕಂಪನಿಗೊಂದು ಮಾದರಿಗೊಂದು ನಿಯಮವಿದೆ.

ಫಾರ್ಮ್ಯಾಟ್ ಮಾಡುವ ಕೆಲಸ ಅತಿ ಸುಲಭ, ಅಪಾಯವಿರುವುದೂ ಆ ಸುಲಭದಲ್ಲೇ. ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆದು, ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಫಾರ್ಮ್ಯಾಟ್’ ಆರಿಸಿ, ಫೈಲ್ ಸಿಸ್ಟಮ್ ಸಾಲಿನಲ್ಲಿ ಬೇಕಾದ್ದನ್ನು ಆರಿಸಿದರೆ ಮುಗಿಯಿತು. ಡಿ, ಇ, ಎಫ್ ಎಂಬ ಅಕ್ಷರಗಳನ್ನು ನಂಬಿ ಮುಂದುವರಿಯಬಾರದು. ಬೇರೆ ಪೆನ್‌ಡ್ರೈವ್ ಹಚ್ಚಿದ್ದರೆ ನಿನ್ನೆಯ ಇ ಇಂದು ಎಫ್ ಆಗಿರುತ್ತದೆ. ಡಿಸ್ಕಿನ ಅಳತೆ, ಹೆಸರು ಎರಡನ್ನೂ ನೋಡಿ, ಬೇರೆ ಪೆನ್‌ಡ್ರೈವು, ಕಾರ್ಡುಗಳನ್ನೆಲ್ಲ ತೆಗೆದ ಮೇಲೆ ಒತ್ತಬೇಕು. ಎರಡು ಟಿಬಿಗಿಂತ ದೊಡ್ಡ ಡಿಸ್ಕಾದರೆ ಅದರ ಪಾಲುಗಳ ಲೆಕ್ಕ ಇಡುವ ಪಾರ್ಟಿಶನ್ ಪಟ್ಟಿ ಜಿಪಿಟಿ ಆಗಿರಬೇಕು. 1983ರಷ್ಟು ಹಿಂದಿನ ಎಂಬಿಆರ್ ಪಟ್ಟಿಗೆ ಮಾಮೂಲಿ ಸೆಕ್ಟರಿನ ಡಿಸ್ಕಿನಲ್ಲಿ ಎರಡು ಟಿಬಿಯಿಂದಾಚೆಗೆ ಎಣಿಸಲು ಬರುವುದಿಲ್ಲ. ಇದನ್ನು ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ನೋಡಬಹುದು.

ಮ್ಯಾಕ್‌ನಲ್ಲಿ ‘ಡಿಸ್ಕ್ ಯುಟಿಲಿಟಿ’ ತೆರೆದು ಮೊದಲು ‘ವ್ಯೂ’ ಪಟ್ಟಿಯಲ್ಲಿ ‘ಶೋ ಆಲ್ ಡಿವೈಸಸ್’ ಆರಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಡಿಸ್ಕಿನೊಳಗಿನ ಪಾಲು ಮಾತ್ರ ಕಾಣುತ್ತದೆ, ಇಡೀ ಡಿಸ್ಕ್ ಕಾಣುವುದಿಲ್ಲ. ಮೇಲಿನ ಸಾಲಿನ ಡಿಸ್ಕನ್ನೇ ಆರಿಸಿ ‘ಇರೇಸ್’ ಒತ್ತಿದಾಗ ಫಾರ್ಮ್ಯಾಟ್ ಜೊತೆಗೆ ‘ಸ್ಕೀಮ್’ ಎಂಬ ಸಾಲು ಬರುತ್ತದೆ. ಅಲ್ಲಿ ‘ಜಿಯುಐಡಿ ಪಾರ್ಟಿಶನ್ ಮ್ಯಾಪ್’, ಅಂದರೆ ಮೇಲೆ ಹೇಳಿದ ಜಿಪಿಟಿಯೇ, ಇರಬೇಕು. ಎಕ್ಸ್‌ಫ್ಯಾಟ್ ಮಾಡಿದರೂ ವಿಂಡೋಸ್ ಓದದ ಡಿಸ್ಕುಗಳಲ್ಲಿ ಕೆಲವಕ್ಕೆ ಕಾರಣ ಅಲ್ಲಿ ‘ಆ್ಯಪಲ್ ಪಾರ್ಟಿಶನ್ ಮ್ಯಾಪ್’ ಉಳಿದುಬಿಟ್ಟಿರುವುದು. ಮೂರು ಕಡೆ ತಿರುಗುವ ಡಿಸ್ಕನ್ನು ವಿಂಡೋಸ್‌ನಲ್ಲೇ ಎಕ್ಸ್‌ಫ್ಯಾಟ್ ಮಾಡುವುದು ಕಡಿಮೆ ತಕರಾರಿನ ದಾರಿ. ಲಿನಕ್ಸ್‌ನಲ್ಲಿ ‘ಡಿಸ್ಕ್ಸ್’ ಎಂಬ ಅಪ್ಲಿಕೇಶನ್ ಇದೇ ಕೆಲಸ ಮಾಡುತ್ತದೆ. ಎಕ್ಸ್‌ಫ್ಯಾಟ್ ಆಯ್ಕೆ ಕಾಣದಿದ್ದರೆ ‘ಎಕ್ಸ್‌ಫ್ಯಾಟ್‌ಪ್ರೋಗ್ಸ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಬೇಕು.

ಮ್ಯಾಕ್ ಮುಟ್ಟಿದ ಎಕ್ಸ್‌ಫ್ಯಾಟ್ ಡಿಸ್ಕನ್ನು ಟಿವಿಗೆ ಹಚ್ಚಿದಾಗ ಒಂದೊಂದು ವಿಡಿಯೋಕ್ಕೂ ಎರಡೆರಡು ಹೆಸರು ಕಾಣಬಹುದು, ಅದರಲ್ಲಿ ಚುಕ್ಕಿ ಮತ್ತು ಕೆಳಗೆರೆಯಿಂದ ಶುರುವಾಗುವುದು ಓಡುವುದಿಲ್ಲ. ಅದು ವಿಡಿಯೋ ಅಲ್ಲ, ಮ್ಯಾಕ್ ತನ್ನ ಟಿಪ್ಪಣಿಗಾಗಿ ಬರೆದಿಟ್ಟ ಪುಟ್ಟ ಫೈಲು. ಅಳಿಸಿದರೆ ವಿಡಿಯೋಕ್ಕೆ ಏನೂ ಆಗುವುದಿಲ್ಲ. ಅಳತೆಯಲ್ಲಿನ ವ್ಯತ್ಯಾಸಕ್ಕೂ ಹೆದರಬೇಕಿಲ್ಲ: ಒಂದು ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎನ್ನುತ್ತದೆ, ಮ್ಯಾಕ್ 1 ಟಿಬಿ ಎನ್ನುತ್ತದೆ. ಒಂದು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಇನ್ನೊಂದು 1000ದ ಲೆಕ್ಕದಲ್ಲಿ. ಜಾಗ ಎರಡರಲ್ಲೂ ಅಷ್ಟೇ.

‘ಕ್ವಿಕ್ ಫಾರ್ಮ್ಯಾಟ್’ಗೆ ಗುರುತು ಹಾಕಿದ್ದರೆ ಡಿಸ್ಕಿನ ದಾಖಲೆ ಮಾತ್ರ ಹೊಸದಾಗುತ್ತದೆ, ಕೆಲವೇ ಕ್ಷಣ ಸಾಕು. ಗುರುತು ತೆಗೆದರೆ, ವಿಸ್ಟಾದಿಂದ ಈಚಿನ ವಿಂಡೋಸ್‌ಗಳು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತವೆ, ಗಂಟೆಗಟ್ಟಲೆ ಹಿಡಿಯುತ್ತದೆ. ಸ್ವಂತಕ್ಕೆ ಕ್ವಿಕ್ ಸಾಕು. ಡಿಸ್ಕನ್ನು ಮಾರುವುದಿದ್ದರೆ ಅಥವಾ ಬೇರೆಯವರಿಗೆ ಕೊಡುವುದಿದ್ದರೆ ಪೂರ್ಣ ಫಾರ್ಮ್ಯಾಟೇ ಆಗಬೇಕು. ಗಿರಾಕಿಗಳ ಮನೆಯ ಲಗ್ನದ, ಕುಬಸದ ಫೋಟೋಗಳು ಇದ್ದ ಡಿಸ್ಕನ್ನು ಕ್ವಿಕ್ ಮಾಡಿ ಹಳೆ ಸಾಮಾನಿನವರಿಗೆ ಕೊಡುವುದು ಆ ಮನೆಯವರಿಗೆ ಮಾಡುವ ಅನ್ಯಾಯ, ಏಕೆಂದರೆ ರಿಕವರಿ ಸಾಫ್ಟ್‌ವೇರಿನಿಂದ ಅವೆಲ್ಲ ಮತ್ತೆ ಹೊರಬರುತ್ತವೆ. ಕೈತಪ್ಪಿ ಕ್ವಿಕ್ ಫಾರ್ಮ್ಯಾಟ್ ಮಾಡಿಕೊಂಡವರಿಗೆ ಇದೇ ಕಾರಣದಿಂದ ಆಸೆಯೂ ಉಳಿದಿರುತ್ತದೆ. ಅಂಥವರು ಆ ಡಿಸ್ಕಿಗೆ ಮುಂದೆ ಒಂದು ಫೈಲನ್ನೂ ಹಾಕದೆ ತಿಳಿದವರ ಬಳಿಗೆ ಒಯ್ಯಬೇಕು. ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ. ಖಾಲಿಯೆಂದು ಗುರುತಾದ ಕೋಣೆಗಳನ್ನು ಅದು ತಾನೇ ಒರೆಸಿಹಾಕುವ ಸಂಭವವಿದೆ.

ಅತಿ ಹೆಚ್ಚು ನಷ್ಟವಾಗುವುದು ಮಾತ್ರ ಕಂಪ್ಯೂಟರ್ ತಾನಾಗಿ ಕೇಳುವ ಪ್ರಶ್ನೆಗೆ ಅವಸರದಲ್ಲಿ ಉತ್ತರಿಸುವುದರಿಂದ. ಮ್ಯಾಕ್‌ನ ಡಿಸ್ಕನ್ನು ವಿಂಡೋಸ್‌ಗೆ ಹಚ್ಚಿದಾಗ ‘ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ತೆರೆಯುತ್ತದೆ. ಮ್ಯಾಕ್‌ನಲ್ಲಿ ಇದೇ ಜಾಗದಲ್ಲಿ ‘ಈ ಡಿಸ್ಕ್ ಓದಲಾಗುತ್ತಿಲ್ಲ’ ಎಂಬ ಮಾತು, ಕೆಳಗೆ ‘ಇನಿಷಿಯಲೈಜ್’ ಎಂಬ ಬಟನ್. ಡಿಸ್ಕ್ ಹಾಳಾಗಿದೆ ಎಂದು ಇವು ಹೇಳುತ್ತಿಲ್ಲ. ತನಗೆ ಓದಲು ಬರುತ್ತಿಲ್ಲ ಎಂದಷ್ಟೇ ಹೇಳುತ್ತಿವೆ. ಆಗ ಮಾಡಬೇಕಾದದ್ದು ಕ್ಯಾನ್ಸಲ್ ಅಥವಾ ಇಜೆಕ್ಟ್ ಒತ್ತಿ, ಡಿಸ್ಕ್ ತೆಗೆದು, ಅದು ಬಂದ ಕಂಪ್ಯೂಟರಿಗೇ ಮರಳಿ ಹಚ್ಚಿ ನೋಡುವುದು.

ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯವಾಗಿ ಒಳಗಿದ್ದುದನ್ನು ಬೇರೆಡೆ ಕಾಪಿ ಮಾಡಿ, ಫಾರ್ಮ್ಯಾಟ್ ಮಾಡಿ, ಮತ್ತೆ ತಂದು ಹಾಕಬೇಕು. ಹಾಗೆ ಕಾಪಿ ಮಾಡಲು ಎರಡನೆಯ ಡಿಸ್ಕ್ ಬೇಕೇ ಬೇಕು. ಬಾಗಲಕೋಟೆ ಜಿಲ್ಲೆಯವರಿಗೆ ಎರಡನೆಯ ಪ್ರತಿಯ ಬೆಲೆ ಬೇರೆಯವರು ತಿಳಿಸಿಕೊಡಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ ನವನಗರ ಎದ್ದಿತು. ಆ ಓಣಿಗಳು ಇಂದು ಉಳಿದಿರುವುದು ಮನೆಮನೆಯ ಫೋಟೋಗಳಲ್ಲಿ, ಹಳೆಯ ವಿಡಿಯೋ ಕ್ಯಾಸೆಟ್‌ಗಳಲ್ಲಿ, ಅವುಗಳಿಂದ ತುಂಬಿಸಿಟ್ಟ ಡಿಸ್ಕುಗಳಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ, ಐಹೊಳೆಯ ಮನೆಗಳಿಗೆ ನೀರು ನುಗ್ಗಿತು. ನದಿದಂಡೆಯ ಊರಿನಲ್ಲಿ ಎರಡು ಪ್ರತಿಗಳನ್ನೂ ಒಂದೇ ಕಪಾಟಿನಲ್ಲಿ ಇಟ್ಟರೆ ಎರಡಿದ್ದೂ ಒಂದೇ ಆಗುತ್ತದೆ. ಎರಡನೆಯ ಡಿಸ್ಕ್ ಬೇರೆ ಊರಿನ ಬೀಗರ ಮನೆಯಲ್ಲಿ ಇರಲಿ. ಅದರ ಮೇಲೆ ಯಾವ ಫಾರ್ಮ್ಯಾಟ್, ಯಾವ ವರ್ಷ ತುಂಬಿಸಿದ್ದು ಎಂದು ಕಾಗದ ಅಂಟಿಸಿ. ಇಲ್ಲಿನ ಡಿಸ್ಕಿಗೆ ಫಾರ್ಮ್ಯಾಟ್ ಒತ್ತುವ ಮುನ್ನ ಅಲ್ಲಿನದನ್ನು ತರಿಸಿ, ನಾಲ್ಕಾರು ಫೋಟೋ, ಒಂದೆರಡು ವಿಡಿಯೋ ಕೊನೆಯವರೆಗೂ ಓಡಿಸಿ ನೋಡಿ, ಆಮೇಲೆ ಒತ್ತಿ.